‘ಬಲವಂತದ ಕ್ರಮ ಬೇಡ’ ಅಂದರೆ ಏನು? ಒಂದು ಪದದ ಅರ್ಥ ಮತ್ತು ಬಳಕೆ

ಕಳೆದ ವಾರ ಸಂಜೆ ಕೇರಳದ ಕಾಸರಗೋಡು ಕಡೆಯ ನಮ್ಮೂರಿನ ಅಂಗಡಿಯ ಬೆಂಚಿನಲ್ಲಿ ಕುಳಿತಿದ್ದೆ. ಪಕ್ಕದ ಮನೆಯ ಅಡಿಕೆ ಕೃಷಿಕರು ಕನ್ನಡ ಪೇಪರು ಮಡಚಿ ಹಿಡಿದುಕೊಂಡು ಬಂದರು. ಒಳಪುಟದ ಒಂದು ಸಣ್ಣ ಸುದ್ದಿಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಯಾರೋ ಒಬ್ಬ ಸಾಲಗಾರರ ವಿರುದ್ಧ ಬಲವಂತದ ಕ್ರಮ ಕೈಗೊಳ್ಳಬಾರದು ಎಂದು ಹೈಕೋರ್ಟ್ ಹೇಳಿದ ಸುದ್ದಿ ಅದು.

“ಮಾಷ್ಟ್ರೇ, ಇದರ ಅರ್ಥ ಎಂತ? ಇನ್ನು ಬ್ಯಾಂಕಿನವರು ಬರುದಿಲ್ಲ ಅಂತಲಾ? ಸಾಲ ಹೋಯ್ತಾ?”

ಅವರ ಮನೆಗೂ ಎರಡು ತಿಂಗಳ ಹಿಂದೆ ಒಂದು ಜಪ್ತಿ ನೋಟೀಸು ಬಂದಿತ್ತು. ಅದು ಮಲಯಾಳದಲ್ಲಿತ್ತು. ಪೂರ್ತಿ ಅರ್ಥವಾಗದೆ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದರು. ಈಗ ಪೇಪರಿನ ಸುದ್ದಿ ನೋಡಿ ಅವರ ಮುಖದಲ್ಲಿ ಒಂದು ಆಸೆ ಮೂಡಿತ್ತು. ಅಂಗಡಿಯಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ ಅನ್ನಿಸಿತು. ಮನೆಗೆ ಕರೆದುಕೊಂಡು ಹೋದೆ. ಅವತ್ತು ಜಗಲಿಯಲ್ಲಿ ಕುಳಿತು ಮಾತಾಡಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಬ್ಯಾಂಕು, ರಿಜಿಸ್ಟ್ರಿ ಆಫೀಸು, ಪೊಲೀಸ್ ಸ್ಟೇಷನ್ನು, ಗಲ್ಫಿನ ಕೆಲಸ, ಶಾಲೆಯ ಭಾಷೆ, ಎಲ್ಲ ಕಡೆಯೂ ಈ ಒಂದು ಪದ ನಮ್ಮ ಕಾಲಿಗೆ ಸಿಕ್ಕುತ್ತದೆ. ಆದರೆ ಎಲ್ಲ ಕಡೆ ಅದರ ಅರ್ಥ ಒಂದೇ ಆಗಿರುವುದಿಲ್ಲ.

ಪದ ಎಲ್ಲಿಂದ ಬಂತು?

ಇಂಗ್ಲಿಷಿನ ‘ಕೋಯರ್ಷನ್’ ಎಂಬ ಮಾತಿಗೆ ಕನ್ನಡ ಪೇಪರಿನವರು ಹೆಚ್ಚಾಗಿ ಬಲವಂತ ಅಂತ ಬರೆಯುತ್ತಾರೆ. ಆಡುಮಾತಿನಲ್ಲಿ ಜಬರ್ದಸ್ತಿ, ಜುಲುಮೆ ಅನ್ನುತ್ತೇವೆ. ಬಲಾತ್ಕಾರ ಎಂಬ ಮಾತೂ ಮೂಲದಲ್ಲಿ ಇದೇ ಅರ್ಥದ್ದು, ‘ಬಲದಿಂದ ಮಾಡಿದ್ದು’ ಎಂದಷ್ಟೇ. ಈಗ ಅದು ಅತ್ಯಾಚಾರ ಎಂಬ ಅರ್ಥಕ್ಕೆ ಅಂಟಿಕೊಂಡಿರುವುದರಿಂದ ಬೇರೆ ಕಡೆ ಬಳಸಲು ಜನ ಹಿಂಜರಿಯುತ್ತಾರೆ.

ಇಂಗ್ಲಿಷಿನ ಪದಕ್ಕೆ ಮೂಲ ಲ್ಯಾಟಿನ್. ‘ಕೋ’ ಅಂದರೆ ಒಟ್ಟಿಗೆ, ‘ಆರ್ಕೆರೆ’ ಅಂದರೆ ಕೂಡಿಹಾಕು, ತಡೆ. ಹೊಡೆಯುವುದು, ಎಳೆಯುವುದು ಎಂಬ ಅರ್ಥ ಆ ಬೇರಿನಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಸಂಜೆ ದನವನ್ನು ಹಟ್ಟಿಗೆ ಸೇರಿಸುವುದನ್ನು ನೆನಪು ಮಾಡಿಕೊಳ್ಳಿ. ಮೂರು ದಿಕ್ಕಿನಲ್ಲಿ ಮೂರು ಜನ ಕೈ ಅಡ್ಡ ಹಿಡಿದು ನಿಂತರೆ ಸಾಕು. ದನ ತಾನಾಗಿ ನಾಲ್ಕನೆಯ ದಿಕ್ಕಿಗೆ, ಹಟ್ಟಿಯ ಬಾಗಿಲಿಗೆ ನಡೆಯುತ್ತದೆ. ಯಾರೂ ಅದನ್ನು ಮುಟ್ಟಲೇ ಇಲ್ಲ. ಅದು ತನ್ನ ಕಾಲಿನಲ್ಲೇ ನಡೆಯಿತು. ಆದರೆ ಉಳಿದ ದಾರಿಗಳನ್ನು ಮುಚ್ಚಿದ್ದರು, ಅಲ್ವಾ? ಬಲವಂತದ ಒಳಗಿನ ಸಂಗತಿ ಇಷ್ಟೇ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು ಇದೆ. ಮಲಯಾಳದಲ್ಲಿ ಕಡ್ಡಾಯ, ಒತ್ತಾಯ ಎಂಬುದಕ್ಕೆಲ್ಲ ‘ನಿರ್ಬಂಧಂ’ ಅನ್ನುತ್ತಾರೆ. ಇವತ್ತಿನ ಕನ್ನಡದಲ್ಲಿ ನಿರ್ಬಂಧ ಅಂದರೆ ತಡೆ, ಮಾಡಬಾರದು ಅಂತ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಹೆತ್ತವರ ಸಭೆಗೆ ಮಲಯಾಳದಲ್ಲಿ ಒಂದು ಚೀಟಿ ಹೋಗಿತ್ತು. ‘ರಕ್ಷಿತಾಕ್ಕಳ್ ನಿರ್ಬಂಧಮಾಯುಂ ಹಾಜರಾಗಣಂ’ ಎಂದು ಅದರಲ್ಲಿತ್ತು. ಹೆತ್ತವರು ಕಡ್ಡಾಯವಾಗಿ ಬರಬೇಕು ಅಂತ ಅರ್ಥ. ಆರನೇ ಕ್ಲಾಸಿನ ಒಬ್ಬ ಹುಡುಗನ ತಾಯಿ ಬರಲಿಲ್ಲ. ಮರುದಿನ ಕೇಳಿದರೆ, “ನಿರ್ಬಂಧ ಉಂಟು ಅಂತ ಮಗ ಓದಿ ಹೇಳಿದ, ಹಾಗೆ ಬರ್ಲಿಲ್ಲ ಮಾಷ್ಟ್ರೇ” ಅಂದರು. ಅವರ ಮಟ್ಟಿಗೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಆ ಘಟನೆಯನ್ನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಬಂಧ ಅಂದರೆ ಕಟ್ಟು. ಕಟ್ಟಿಹಾಕಿದರೆ ಒಂದು ಕಡೆ ಹೋಗಲಾಗುವುದಿಲ್ಲ, ಇನ್ನೊಂದು ಕಡೆ ಹೋಗದೆ ಇರಲಾಗುವುದಿಲ್ಲ. ಕನ್ನಡ ಮೊದಲನೆಯ ಮುಖವನ್ನು ಇಟ್ಟುಕೊಂಡಿತು, ಮಲಯಾಳ ಎರಡನೆಯದನ್ನು. ಲ್ಯಾಟಿನ್ನಿನ ಪದವೂ ‘ತಡೆ’ಯಿಂದ ಹೊರಟು ‘ಮಾಡಿಸು’ ಎಂಬಲ್ಲಿಗೆ ಬಂದು ಮುಟ್ಟಿದೆ. ತಡೆಯುವುದು ಮತ್ತು ಮಾಡಿಸುವುದು ಒಂದೇ ಕೆಲಸದ ಎರಡು ತುದಿಗಳು.

ಉಪಚಾರ ಎಲ್ಲಿ ಮುಗಿಯುತ್ತದೆ, ಬಲವಂತ ಎಲ್ಲಿ ಶುರು?

ಮದುವೆ ಊಟದಲ್ಲಿ ಹೋಳಿಗೆ ಬಡಿಸುವವರು ಬರುತ್ತಾರೆ. ನೀವು ಬಾಳೆಲೆಗೆ ಕೈ ಅಡ್ಡ ಇಡುತ್ತೀರಿ. “ಒಂದೇ ಒಂದು, ನನ್ನ ಲೆಕ್ಕದಲ್ಲಿ” ಎಂದು ಹಾಕಿಯೇ ಬಿಡುತ್ತಾರೆ. ಅದನ್ನು ನಾವು ಬಲವಂತ ಮಾಡಿ ಬಡಿಸಿದರು ಅಂತ ಪ್ರೀತಿಯಿಂದಲೇ ಹೇಳುತ್ತೇವೆ. ತಿನ್ನದೆ ಬಿಟ್ಟರೆ ಏನಾಗುತ್ತದೆ? ಏನೂ ಇಲ್ಲ. ಎಲೆಯಲ್ಲಿ ಒಂದು ಹೋಳಿಗೆ ಉಳಿಯುತ್ತದೆ. ಇದು ಉಪಚಾರ.

ಮಗನಿಗೆ ಅಪ್ಪ, “ಕಂಪ್ಯೂಟರ್ ಕೋರ್ಸಿಗೇ ಸೇರು, ನಮ್ಮ ಮಾತು ಕೇಳು” ಎಂದು ದಿನಾ ಹೇಳುತ್ತಾರೆ. ಇದು ಒತ್ತಾಯ. ಬೇಡ ಅಂದರೆ ಮನೆಯಲ್ಲಿ ನಾಲ್ಕು ದಿನ ಮಾತು ಕಡಿಮೆ ಆದೀತು. ದಾರಿ ಕಷ್ಟವಾಗುತ್ತದೆ, ಮುಚ್ಚುವುದಿಲ್ಲ.

ಇನ್ನೊಬ್ಬರು ಬಂದು, “ಈ ಕಾಗದಕ್ಕೆ ಸಹಿ ಹಾಕು, ಇಲ್ಲದಿದ್ದರೆ ನಿನ್ನ ತೋಟಕ್ಕೆ ಬೆಂಕಿ ಇಡುತ್ತೇನೆ” ಅನ್ನುತ್ತಾರೆ. ಇದು ಬಲವಂತ. ಮೊದಲಿನ ಎರಡರಲ್ಲಿ ಇಲ್ಲದ್ದು ಇಲ್ಲಿ ಏನಿದೆ ನೋಡಿ. ಮಾಡದಿದ್ದರೆ ಕೇಡು ಮಾಡುತ್ತೇನೆ ಎಂಬ ಬೆದರಿಕೆ ಇದೆ. ಆ ಬೆದರಿಕೆಯ ಹಿಂದೆ ಒಂದು ಕೆಲಸ ಮಾಡಿಸಿಕೊಳ್ಳುವ ಉದ್ದೇಶ ಇದೆ. ಹಾಗೆ ಕೇಡು ಮಾಡಲು ಅವರಿಗೆ ಯಾವ ಹಕ್ಕೂ ಇಲ್ಲ. ಈ ಹಕ್ಕಿನ ಮಾತು ಮುಖ್ಯ. “ಬಾಕಿ ಕೊಡದಿದ್ದರೆ ಕೋರ್ಟಿಗೆ ಹೋಗುತ್ತೇನೆ” ಅನ್ನುವುದೂ ಬೆದರಿಕೆಯ ಹಾಗೆಯೇ ಕೇಳಿಸುತ್ತದೆ. ಆದರೆ ಕೋರ್ಟಿಗೆ ಹೋಗುವುದು ಪ್ರತಿಯೊಬ್ಬರ ಹಕ್ಕು, ಹಾಗಾಗಿ ಅದು ಬಲವಂತ ಅಲ್ಲ.

ಮೋಸಕ್ಕೂ ಬಲವಂತಕ್ಕೂ ಇರುವ ವ್ಯತ್ಯಾಸವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೋಸದಲ್ಲಿ ನಿಮಗೆ ನಿಜ ಗೊತ್ತಿರುವುದಿಲ್ಲ, ಹಾಗಾಗಿ ಖುಷಿಯಿಂದಲೇ ಒಪ್ಪುತ್ತೀರಿ. ಬಲವಂತದಲ್ಲಿ ಎಲ್ಲ ಗೊತ್ತಿರುತ್ತದೆ. ಬೇಡ ಅಂತಲೂ ಗೊತ್ತಿರುತ್ತದೆ. ಆದರೂ ಹೂಂ ಅನ್ನುತ್ತೀರಿ.

1872ರ ಕಾನೂನು ಏನು ಹೇಳುತ್ತದೆ

ನಮ್ಮ ದೇಶದ ಕರಾರು ಕಾಯ್ದೆ 1872ನೇ ಇಸವಿಯದ್ದು. ಯಾವುದೇ ಕರಾರಿಗೆ ‘ಮುಕ್ತ ಒಪ್ಪಿಗೆ’ ಬೇಕು ಎಂದು ಅದು ಹೇಳುತ್ತದೆ. ಬಲವಂತ, ಅನುಚಿತ ಪ್ರಭಾವ, ಮೋಸ, ತಪ್ಪು ನಿರೂಪಣೆ, ತಪ್ಪು ತಿಳಿವಳಿಕೆ, ಈ ಐದರಿಂದ ಹುಟ್ಟಿದ ಒಪ್ಪಿಗೆ ಮುಕ್ತ ಅಲ್ಲ. ಬಲವಂತ ಅಂದರೆ ಏನು ಎಂದು ಹೇಳುವುದು ಅದರ 15ನೇ ಸೆಕ್ಷನ್. ಸುಲಭವಾಗಿ ಹೇಳಿದರೆ, ಒಬ್ಬರನ್ನು ಕರಾರಿಗೆ ಒಪ್ಪಿಸುವುದಕ್ಕಾಗಿ ದಂಡ ಸಂಹಿತೆ, ಅಂದರೆ ಅಪರಾಧಗಳ ಕಾನೂನು, ನಿಷೇಧಿಸಿದ ಕೆಲಸ ಮಾಡುವುದು ಅಥವಾ ಮಾಡುತ್ತೇನೆ ಎಂದು ಹೆದರಿಸುವುದು. ಅಥವಾ ಆಸ್ತಿ, ವಸ್ತುಗಳನ್ನು ಕಾನೂನು ಮೀರಿ ಹಿಡಿದಿಟ್ಟುಕೊಳ್ಳುವುದು, ಹಿಡಿದಿಡುತ್ತೇನೆ ಎಂದು ಹೆದರಿಸುವುದು. ಹಳೆಯ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ.

ಈ ಸೆಕ್ಷನ್ನಿಗೆ ಜೀವ ತುಂಬಿದ ಎರಡು ಹಳೆಯ ಕೇಸುಗಳು ಮದ್ರಾಸ್ ಹೈಕೋರ್ಟಿನವು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. ನಮ್ಮ ಅಜ್ಜಂದಿರ ಜಾಗದ ಜಗಳ ದೊಡ್ಡದಾದರೆ ಹೋಗಿ ಮುಟ್ಟುತ್ತಿದ್ದದ್ದು ಅದೇ ಹೈಕೋರ್ಟಿಗೆ.

ಮೊದಲನೆಯದು 1889ರ ತೀರ್ಪು. ಹದಿಮೂರು ವರ್ಷದ ಹುಡುಗಿ. ಗಂಡ ತೀರಿಹೋಗಿದ್ದಾನೆ. ಶವ ಇನ್ನೂ ಮನೆಯಲ್ಲಿದೆ. ಒಬ್ಬ ಹುಡುಗನನ್ನು ದತ್ತು ತೆಗೆದುಕೊಳ್ಳಲು ಒಪ್ಪುವವರೆಗೆ ಶವವನ್ನು ಎತ್ತಲು ಬಿಡುವುದಿಲ್ಲ ಎಂದು ಬಂಧುಗಳು ಅಡ್ಡ ನಿಂತರು. ಆ ಮಗು ಒಪ್ಪಿತು. ಒಪ್ಪದೆ ಏನು ಮಾಡೀತು? ಇಂಥ ಒಪ್ಪಿಗೆಗೆ ಬೆಲೆ ಇಲ್ಲ, ಆ ದತ್ತು ಅವಳನ್ನು ಕಟ್ಟಿಹಾಕುವುದಿಲ್ಲ ಎಂದು ಕೋರ್ಟ್ ಹೇಳಿತು. ಯಾರೂ ಅವಳ ಮೇಲೆ ಕೈ ಮಾಡಿರಲಿಲ್ಲ ಎಂಬುದನ್ನು ನೆನಪಿಡಿ.

ಎರಡನೆಯದು 1917ರದ್ದು. ಒಬ್ಬ ಗಂಡ ತನ್ನ ಹೆಂಡತಿ ಮತ್ತು ಮಗ ತಮ್ಮದೆಂದು ಹೇಳುತ್ತಿದ್ದ ಆಸ್ತಿಯನ್ನು ತನ್ನ ಸಹೋದರನಿಗೆ ಬಿಟ್ಟುಕೊಡಬೇಕು ಎಂದು ಹಟ ಹಿಡಿದ. ಇಲ್ಲದಿದ್ದರೆ ಪ್ರಾಣ ಕಳೆದುಕೊಳ್ಳುತ್ತೇನೆ ಅಂದ. ಅವರು ಹಕ್ಕು ಬಿಟ್ಟುಕೊಟ್ಟು ಬರೆದುಕೊಟ್ಟರು. ಆಮೇಲೆ ಕೋರ್ಟಿನಲ್ಲಿ ಪ್ರಶ್ನೆ ಬಂತು: ತನಗೇ ಕೇಡು ಮಾಡಿಕೊಳ್ಳುತ್ತೇನೆ ಎಂಬುದು ಇನ್ನೊಬ್ಬರ ಮೇಲಿನ ಬಲವಂತ ಆಗುತ್ತದೆಯೇ? ನ್ಯಾಯಮೂರ್ತಿಗಳಲ್ಲಿ ಒಮ್ಮತ ಇರಲಿಲ್ಲ. ಒಬ್ಬರು ಅಲ್ಲ ಅಂದರು. ಬಹುಮತ ಹೌದು ಅಂದಿತು. ಕಾನೂನು ಶಿಕ್ಷೆ ಕೊಡಲಾಗದ ಕೆಲಸವನ್ನೂ ನಿಷೇಧಿಸಿರಬಹುದು, ನಿಷೇಧ ಇದ್ದರೆ ಸಾಕು ಎಂಬುದು ಅವರ ತರ್ಕ. ಇವತ್ತಿಗೂ ಕಾನೂನು ಕಾಲೇಜುಗಳಲ್ಲಿ ಬಲವಂತದ ಪಾಠ ಈ ಕೇಸಿಲ್ಲದೆ ಮುಗಿಯುವುದಿಲ್ಲ. ಪ್ರೀತಿಯನ್ನೇ ಹಗ್ಗ ಮಾಡಿ ಕಟ್ಟಿಹಾಕುವ ಬಲವಂತ ಇದು. ಮನೆಗಳ ಒಳಗೆ ನಡೆಯುವುದು ಜಾಸ್ತಿ ಇಂಥದ್ದೇ.

ರಿಜಿಸ್ಟ್ರಿ ಆಫೀಸಿನ ‘ಉಂಟು’

ಹಲವು ವರ್ಷದ ಹಿಂದೆ ಒಂದು ಸಾಕ್ಷಿ ಸಹಿಗಾಗಿ ಒಂದು ರಿಜಿಸ್ಟ್ರಿ ಆಫೀಸಿಗೆ ಹೋಗಿದ್ದೆ. ಅಲ್ಲಿ ಇನ್ನೊಂದು ಕುಟುಂಬವೂ ಬಂದಿತ್ತು. ಎಪ್ಪತ್ತು ದಾಟಿದ ಒಬ್ಬರು ಅಮ್ಮ, ಅವರ ತಮ್ಮಂದಿರು. ತವರಿನ ಜಾಗದಲ್ಲಿ ತನಗಿದ್ದ ಪಾಲನ್ನು ಬಿಟ್ಟುಕೊಡುವ ಆಧಾರ ಬರೆಸಿದ್ದರು. ಆಧಾರ ಅಂದರೆ ನಮ್ಮ ಕಡೆ ಜಾಗದ ದಸ್ತಾವೇಜು, ಕಾರ್ಡು ಅಲ್ಲ. ಹೊರಗೆ ಜಗಲಿಯಲ್ಲಿ ಕುಳಿತಿದ್ದಾಗ ಆ ಅಮ್ಮ ನನ್ನ ಹತ್ತಿರ ಮೆಲ್ಲ ಹೇಳಿದರು: “ಹಾಕದಿದ್ರೆ ಇನ್ನು ಆ ಮನೆಯ ಮೆಟ್ಲು ಹತ್ಲಿಕ್ಕಿಲ್ಲ ಅಂತ ಹೇಳಿದ್ದಾರೆ.” ಒಳಗೆ ಅಧಿಕಾರಿ, ಒಪ್ಪಿಗೆ ಉಂಟಾ ಎಂದು ಕೇಳಿದರು. “ಉಂಟು” ಅಂದರು. ಹೆಬ್ಬೆಟ್ಟು ಒತ್ತಿದರು. ಹೊರಗೆ ಬಂದು ಬೆರಳಿಗೆ ಹತ್ತಿದ ಶಾಯಿಯನ್ನು ಕಂಬಕ್ಕೆ ಉಜ್ಜಿದರು. ಅದು ಹೋಗಲಿಲ್ಲ, ಸೆರಗಿನ ತುದಿಗೆ ಉಜ್ಜಿದರು.

ಇದು ಬಲವಂತವೇ? ಮನುಷ್ಯ ಮಾತಿನಲ್ಲಿ ಹೌದು. ಆದರೆ 15ನೇ ಸೆಕ್ಷನ್ನಿನ ಅಳತೆಯಲ್ಲಿ ಕಷ್ಟ. ತಂಗಿಯನ್ನೋ ಅಕ್ಕನನ್ನೋ ಮನೆಗೆ ಬರಬೇಡ ಅನ್ನುವುದು ದಂಡ ಸಂಹಿತೆಯ ಅಪರಾಧ ಅಲ್ಲ. ಪದದ ಆಡುಮಾತಿನ ಅರ್ಥಕ್ಕೂ ಕಾನೂನಿನ ಅರ್ಥಕ್ಕೂ ನಡುವೆ ಇಂಥ ಒಂದು ಕಂದಕ ಇದೆ. ಅದನ್ನು ತಿಳಿಯದೆ ಎಷ್ಟೋ ಜನ ಕೋರ್ಟಿಗೆ ಹೋಗಿ ನಿರಾಶರಾಗುತ್ತಾರೆ.

ಕಾನೂನು ಆ ಅಮ್ಮನನ್ನು ಪೂರ್ತಿ ಕೈಬಿಟ್ಟಿಲ್ಲ. ಮುಂದಿನ 16ನೇ ಸೆಕ್ಷನ್ ‘ಅನುಚಿತ ಪ್ರಭಾವ’ದ ಬಗ್ಗೆ ಹೇಳುತ್ತದೆ. ಒಬ್ಬರು ಇನ್ನೊಬ್ಬರ ಮನಸ್ಸಿನ ಮೇಲೆ ಹಿಡಿತ ಇರುವ ಸ್ಥಾನದಲ್ಲಿದ್ದು, ಅದನ್ನು ಬಳಸಿ ಅನ್ಯಾಯದ ಲಾಭ ಪಡೆದರೆ ಅದು ಅನುಚಿತ ಪ್ರಭಾವ. ವಯಸ್ಸು, ಕಾಯಿಲೆ, ಮನಸ್ಸಿನ ಸಂಕಟದಿಂದ ಕುಗ್ಗಿದವರ ಜೊತೆಗಿನ ವ್ಯವಹಾರಕ್ಕೆ ಇದು ಅನ್ವಯಿಸುತ್ತದೆ. ಇಲ್ಲಿ ಬೆದರಿಕೆಯೇ ಬೇಕು ಅಂತಿಲ್ಲ. ಇನ್ನೊಂದು ಅನುಕೂಲವೂ ಇದೆ. ಬಲವಂತ ಆಗಿದೆ ಅಂತ ಹೇಳುವವರೇ ಅದನ್ನು ರುಜುವಾತು ಮಾಡಬೇಕು. ಅನುಚಿತ ಪ್ರಭಾವದಲ್ಲಿ ಹಾಗಲ್ಲ. ಎದುರಿನವರು ಹಿಡಿತದ ಸ್ಥಾನದಲ್ಲಿದ್ದರು, ವ್ಯವಹಾರವೂ ಮೇಲ್ನೋಟಕ್ಕೇ ತೀರಾ ಅನ್ಯಾಯವಾಗಿದೆ ಎಂದಾದರೆ, ಸರಿಯಾಗಿಯೇ ನಡೆದಿದೆ ಎಂದು ತೋರಿಸುವ ಹೊರೆ ಅವರ ತಲೆಗೆ ಬೀಳುತ್ತದೆ.

ಬಲವಂತದಿಂದ ಆದ ಕರಾರು ತಾನಾಗಿ ಬಿದ್ದುಹೋಗುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಿಲ್ಲ. 19ನೇ ಸೆಕ್ಷನ್ ಪ್ರಕಾರ ಅದನ್ನು ರದ್ದು ಮಾಡಿಸುವ ಆಯ್ಕೆ ಬಲವಂತಕ್ಕೆ ಒಳಗಾದವರಿಗೆ ಇರುತ್ತದೆ, ಅಷ್ಟೇ. ಅವರು ಸುಮ್ನೆ ಕುಳಿತರೆ ಕಾಗದ ಗಟ್ಟಿಯಾಗಿಯೇ ಇರುತ್ತದೆ. ದಸ್ತಾವೇಜು ರದ್ದು ಮಾಡಿಸುವ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು ಇದೆ. ರದ್ದಿಗೆ ಕಾರಣವಾಗುವ ಸಂಗತಿ ಗೊತ್ತಾದಲ್ಲಿಂದ ಅದರ ಲೆಕ್ಕ. ಆ ಕರಾರಿನಿಂದ ದುಡ್ಡೋ ಇನ್ನೇನೋ ಪಡೆದಿದ್ದರೆ ಅದನ್ನು ಹಿಂದೆ ಕೊಡಬೇಕಾಗುತ್ತದೆ.

ಹಿಡಿದಿಟ್ಟ ವಸ್ತು, ಹಿಡಿದಿಟ್ಟ ಪಾಸ್‌ಪೋರ್ಟು

ವಸ್ತುಗಳನ್ನು ಹಿಡಿದಿಡುವುದೂ ಬಲವಂತ ಎಂದೆನಲ್ಲ, ಅದಕ್ಕೆ ಕಾಯ್ದೆಯೇ ಒಂದು ಚಂದದ ಉದಾಹರಣೆ ಕೊಡುತ್ತದೆ. 72ನೇ ಸೆಕ್ಷನ್ನಿನಲ್ಲಿ ರೈಲು ಕಂಪನಿಯ ಕಥೆ ಇದೆ. ನಿಮ್ಮ ಸರಕು ಸ್ಟೇಷನ್ನಿಗೆ ಬಂದಿದೆ. ಕಂಪನಿಯವರು ನಿಯಮದಲ್ಲಿ ಇಲ್ಲದ ಹೆಚ್ಚಿನ ದುಡ್ಡು ಕೊಟ್ಟರೆ ಮಾತ್ರ ಬಿಡುತ್ತೇವೆ ಅನ್ನುತ್ತಾರೆ. ಸರಕು ಬೇಕೇ ಬೇಕು, ನೀವು ಕೊಡುತ್ತೀರಿ. ಹಾಗೆ ಕೊಟ್ಟ ಅಕ್ರಮದ ಹೆಚ್ಚುವರಿ ಹಣವನ್ನು ನೀವು ವಾಪಸ್ ಕೇಳಬಹುದು. ‘ಕೊಡುವಾಗ ನೀವೇ ಕೊಟ್ಟದ್ದಲ್ವಾ’ ಎಂಬ ಮಾತು ನಡೆಯುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಗಲ್ಫಿಗೆ ಹೋದ ಒಬ್ಬರಾದರೂ ಇಲ್ಲದ ಊರು ಕಡಿಮೆ. ಹೋದವರು ಹೇಳುವ ಒಂದು ಸಂಗತಿ ಎಲ್ಲರಿಗೂ ಗೊತ್ತು. ಪಾಸ್‌ಪೋರ್ಟನ್ನು ಕೆಲಸ ಕೊಟ್ಟವರು ತೆಗೆದಿಟ್ಟುಕೊಳ್ಳುವುದು. ಗುರುತಿನ ದಾಖಲೆಗಳನ್ನು ಹಿಡಿದಿಡುವುದು ಬಲವಂತದ ದುಡಿಮೆಯ ಹನ್ನೊಂದು ಸೂಚನೆಗಳಲ್ಲಿ ಒಂದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೇಳುತ್ತದೆ. ಅದರ 1930ರ ಒಪ್ಪಂದದ ಪ್ರಕಾರ, ದಂಡನೆಯ ಬೆದರಿಕೆಯಲ್ಲಿ, ತಾನಾಗಿ ಒಪ್ಪದವರಿಂದ ಮಾಡಿಸಿಕೊಳ್ಳುವ ಕೆಲಸವೆಲ್ಲ ಬಲವಂತದ ದುಡಿಮೆ. ಅಂದ ಹಾಗೆ, ನಿಮ್ಮ ಪಾಸ್‌ಪೋರ್ಟು ಕಾನೂನಿನಲ್ಲಿ ಕೇಂದ್ರ ಸರ್ಕಾರದ ಆಸ್ತಿ. 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಹಾಗೆಂದು ಬರೆದಿದೆ.

ಬೆದರಿಸಲು ಮನುಷ್ಯನೇ ಬೇಕೇ, ಹಸಿವು ಸಾಲದೇ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1982ರಲ್ಲಿ ಉತ್ತರ ಕೊಟ್ಟಿತು. ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡಗಳಿಗೆ ದುಡಿಯುತ್ತಿದ್ದ ಕೂಲಿಯವರಿಗೆ ಕನಿಷ್ಠ ಕೂಲಿಯೂ ಸಿಗುತ್ತಿರಲಿಲ್ಲ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು, ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಬಡತನದಿಂದ ಬೇರೆ ದಾರಿಯೇ ಇಲ್ಲದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದು ಕೋರ್ಟ್ ಹೇಳಿತು. ನನ್ನ ಲೆಕ್ಕದಲ್ಲಿ ಈ ಪದದ ಅರ್ಥ ನಮ್ಮ ದೇಶದಲ್ಲಿ ಅತಿ ಹೆಚ್ಚು ಅಗಲವಾದದ್ದು ಈ ತೀರ್ಪಿನಲ್ಲಿ.

ಸ್ಟೇಷನ್ನಿನಲ್ಲಿ ಮತ್ತು ಫೋನಿನಲ್ಲಿ

ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ ಎಂದು ಸಂವಿಧಾನದ 20ನೇ ವಿಧಿ ಹೇಳುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 2010ರಲ್ಲಿ ಕರ್ನಾಟಕದಿಂದ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವುದೂ ಈ ಹಕ್ಕಿನ ಉಲ್ಲಂಘನೆ ಎಂದಿತು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಆಮಿಷ, ಬೆದರಿಕೆ, ಭರವಸೆಯಿಂದ ಬಂದ ತಪ್ಪೊಪ್ಪಿಗೆ ನಡೆಯದು ಎಂದಿತ್ತು. ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 22ನೇ ಸೆಕ್ಷನ್ ಆ ಸಾಲಿಗೆ ‘ಬಲವಂತ’ ಎಂಬ ಪದವನ್ನೂ ಸೇರಿಸಿದೆ.

ಫೋನಿನಲ್ಲಿ ನಡೆಯುವ ಹೊಸ ಬಲವಂತಕ್ಕೆ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿದೆ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರದವರು ಕಾಣಿಸಿಕೊಂಡು, ನಿಮ್ಮ ಹೆಸರಿನಲ್ಲಿ ಕೇಸು ಇದೆ, ಕರೆ ಕಡಿದರೆ ಬಂಧನ, ಮನೆಯವರಿಗೂ ಹೇಳಬಾರದು ಅನ್ನುತ್ತಾರೆ. ದನ ಹಟ್ಟಿಗೆ ಹೋದ ಚಿತ್ರವನ್ನೇ ಮತ್ತೆ ನೋಡಿ. ಮನೆಯವರ ದಾರಿ ಮುಚ್ಚಿದರು, ಫೋನು ಇಡುವ ದಾರಿ ಮುಚ್ಚಿದರು, ಯೋಚಿಸುವ ಸಮಯವನ್ನೂ ಕಸಿದುಕೊಂಡರು. ಉಳಿದದ್ದು ದುಡ್ಡು ಕಳಿಸುವ ದಾರಿ ಒಂದೇ. ಇದರಲ್ಲಿ ಮೋಸವೂ ಬಲವಂತವೂ ಒಟ್ಟಿಗೆ ಹೆಣೆದುಕೊಂಡಿವೆ. ಡಿಜಿಟಲ್ ಅರೆಸ್ಟ್ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಬಂದ್ ಬೇರೆ, ಹರತಾಳ ಬೇರೆ

ಕೇರಳದಲ್ಲಿರುವ ನಮಗೆ ಈ ವ್ಯತ್ಯಾಸ ಗೊತ್ತಿರಬೇಕು. 1997ರಲ್ಲಿ ಕೇರಳ ಹೈಕೋರ್ಟಿನ ಪೂರ್ಣ ಪೀಠ ಬಂದ್ ಕರೆ ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ತೀರ್ಪಿನ ತಿರುಳು ಬಲವಂತವೇ. ಅಂಗಡಿಯವರು ತಾವಾಗಿ ಬಾಗಿಲು ಹಾಕಿ ಪ್ರತಿಭಟಿಸಿದರೆ ಅದು ಹರತಾಳ, ಅದು ಅವರ ಹಕ್ಕು. ಬಂದ್ ಎಂಬ ಕರೆಯಲ್ಲಿ ಮಾತ್ರ, ಬಾಗಿಲು ತೆಗೆದರೆ ನೋಡಿಕೊಳ್ಳುತ್ತೇವೆ ಎಂಬ ಎಚ್ಚರಿಕೆ, ಬಾಯಿಬಿಟ್ಟು ಹೇಳದಿದ್ದರೂ, ಅಡಗಿರುತ್ತದೆ. ಕಲ್ಲು ಎಸೆಯಬೇಕಾಗಿಲ್ಲ, ಎಸೆದಾರು ಎಂಬ ಹೆದರಿಕೆಯೇ ಅರ್ಧ ಬಾಗಿಲು ಎಳೆಸುತ್ತದೆ. 2019ರ ಜನವರಿಯಲ್ಲಿ ಹೈಕೋರ್ಟ್ ಹರತಾಳಕ್ಕೂ ಏಳು ದಿನ ಮೊದಲೇ ನೋಟೀಸು ಕೊಡಬೇಕು ಎಂದು ಆದೇಶಿಸಿತು.

ಕಡ್ಡಾಯ ಎಂದರೆ ಬಲವಂತವೇ?

ಹೆಲ್ಮೆಟ್ ಕಡ್ಡಾಯ, ತೆರಿಗೆ ಕಡ್ಡಾಯ. ಕಟ್ಟದಿದ್ದರೆ ದಂಡ. ಬೆದರಿಕೆ ಇಲ್ಲಿಯೂ ಇದೆ. ಹಾಗೆ ನೋಡಿದರೆ ಸರ್ಕಾರ ಎಂಬುದೇ ಬಲವನ್ನು ಬಳಸುವ ಹಕ್ಕು ಪಡೆದ ಸಂಸ್ಥೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1919ರಲ್ಲಿ ರಾಜ್ಯವನ್ನು ಹೀಗೆಯೇ ವಿವರಿಸಿದ್ದ. ವ್ಯತ್ಯಾಸ ಇರುವುದು ಆ ಬಲ ಎಲ್ಲಿಂದ ಬಂತು ಎಂಬಲ್ಲಿ. ಕಾನೂನು ಮೊದಲೇ ಬರೆದಿರಬೇಕು. ಎಲ್ಲರಿಗೂ ಒಂದೇ ಆಗಿರಬೇಕು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವ ದಾರಿ ತೆರೆದಿರಬೇಕು. ಸಂವಿಧಾನ ಕೊಟ್ಟ ಹಕ್ಕನ್ನು ಅದು ದಾಟಬಾರದು.

ದಾಟಿದಾಗ ಏನಾಗುತ್ತದೆ ಎಂಬುದಕ್ಕೆ ಕೇರಳದ್ದೇ ಉದಾಹರಣೆ ಇದೆ. ಮೂವರು ಶಾಲಾ ಮಕ್ಕಳು ತಮ್ಮ ಧಾರ್ಮಿಕ ನಂಬಿಕೆಯಿಂದಾಗಿ ರಾಷ್ಟ್ರಗೀತೆ ಹಾಡಲಿಲ್ಲ. ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸುಪ್ರೀಂ ಕೋರ್ಟ್, ಎದ್ದು ನಿಂತು ಗೌರವ ತೋರಿದ ಮಕ್ಕಳನ್ನು ಹಾಡಲಿಲ್ಲ ಎಂದು ಹೊರಹಾಕುವುದು ಸರಿಯಲ್ಲ ಎಂದು ಹೇಳಿ, ಅವರನ್ನು ಮತ್ತೆ ಸೇರಿಸಿಕೊಳ್ಳುವಂತೆ ಹೇಳಿತು.

ನಮ್ಮ ಮಟ್ಟಿಗೆ ಈ ಪ್ರಶ್ನೆ ಭಾಷೆಯದ್ದಾಗಿ ಬಂತು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದರು. ಸರ್ಕಾರದ ಬಾಯಲ್ಲಿ ‘ಕಡ್ಡಾಯ’, ಪ್ರತಿಭಟಿಸಿದವರ ಬಾಯಲ್ಲಿ ‘ಹೇರಿಕೆ’. ರಾಜ್ಯಭಾಷೆ ಗೊತ್ತಿಲ್ಲದೆ ನಮ್ಮ ಮಕ್ಕಳು ಇಲ್ಲಿಯ ಆಫೀಸುಗಳಲ್ಲಿ ಕಷ್ಟಪಡುತ್ತಾರೆ ಎಂಬುದು ಒಂದು ವಾದ. ಭಾಷಾ ಅಲ್ಪಸಂಖ್ಯಾತರ ಹಕ್ಕಿಗೆ ಪೆಟ್ಟು ಎಂಬುದು ಇನ್ನೊಂದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಕೊಡಬೇಕೆಂದು ಹೇಳುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ, ನಾವು ಗಡಿಯ ಈಚೆ ಉಳಿದ ಅದೇ ವರ್ಷ. ಕಡ್ಡಾಯ ಎಂಬ ಪದ ಕೇಳಿದಾಗಲೆಲ್ಲ ಮೇಲೆ ಹೇಳಿದ ಆ ನಾಲ್ಕು ಅಳತೆಗಳನ್ನು ಇಟ್ಟು ನೋಡಬಹುದು.

ಲ್ಯಾಬಿನಲ್ಲೂ ಇದೇ ಪದ

ಪಿಯುಸಿ ಓದುವ ಮಕ್ಕಳಿಗೆ ಈ ಪದ ಬೇರೆ ವೇಷದಲ್ಲಿ ಸಿಗುತ್ತದೆ. ಅಯಸ್ಕಾಂತದ ಪಾಠದಲ್ಲಿ ‘ಕೋಯರ್ಸಿವಿಟಿ’ ಅಂದರೆ, ಒಮ್ಮೆ ಕಾಂತೀಯವಾದ ವಸ್ತುವಿನ ಕಾಂತತ್ವವನ್ನು ಸೊನ್ನೆಗೆ ಇಳಿಸಲು ಎದುರು ದಿಕ್ಕಿನಲ್ಲಿ ಕೊಡಬೇಕಾದ ಕಾಂತಕ್ಷೇತ್ರದ ಅಳತೆ. ಮೆದು ಕಬ್ಬಿಣ ಬೇಗ ಬಿಟ್ಟುಕೊಡುತ್ತದೆ, ಉಕ್ಕು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕಂಪ್ಯೂಟರ್ ಕಲಿಯುವವರಿಗೆ ‘ಟೈಪ್ ಕೋಯರ್ಷನ್’ ಇದೆ. ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅಕ್ಷರವಾಗಿ ಬರೆದ 5ಕ್ಕೆ ಅಂಕಿಯಾದ 3ನ್ನು ಕೂಡಿಸಿದರೆ 8 ಬರುವುದಿಲ್ಲ, 53 ಬರುತ್ತದೆ. ಅಂಕಿಯನ್ನು ಕೇಳದೆಯೇ ಅಕ್ಷರವಾಗಿ ಬದಲಿಸಿ ಪಕ್ಕದಲ್ಲಿ ಜೋಡಿಸಿಬಿಡುತ್ತದೆ.

ಹಾಗಾದರೆ ಆ ಸುದ್ದಿಯ ಅರ್ಥ?

ಕೋರ್ಟ್ ‘ಬಲವಂತದ ಕ್ರಮ ಬೇಡ’ ಅಂದಾಗ ಅದು ಕಾನೂನಿನ ಒಳಗಿನ ಬಲದ ಬಗ್ಗೆಯೇ ಮಾತಾಡುತ್ತಿರುತ್ತದೆ. ಬಂಧನ, ಜಪ್ತಿ, ಹರಾಜು, ಒಕ್ಕಲೆಬ್ಬಿಸುವುದು, ಇಂಥವನ್ನು ಸದ್ಯಕ್ಕೆ ತಡೆಯಿರಿ ಅಂತ. ಸಾಮಾನ್ಯವಾಗಿ ಅದು ಮುಂದಿನ ತಾರೀಕಿನವರೆಗೆ ಮಾತ್ರ. ಕೇಸು ಮುಗಿದಿಲ್ಲ. ಸಾಲ ಹಾಗೆಯೇ ಇದೆ. ಆದೇಶ ಇರುವುದು ಆ ಕೇಸಿನವರಿಗೆ, ಪೇಪರು ಓದಿದ ಎಲ್ಲರಿಗೂ ಅಲ್ಲ.

ಈ ಮಾತು ಅಸ್ಪಷ್ಟ ಎಂದು ಸುಪ್ರೀಂ ಕೋರ್ಟಿಗೇ ಅನ್ನಿಸಿತು. 2021ರ ಏಪ್ರಿಲ್ 13ರಂದು, ಬಾಂಬೆ ಹೈಕೋರ್ಟ್ ಕೊಟ್ಟ ಇಂಥದ್ದೇ ಒಂದು ಆದೇಶದ ಬಗ್ಗೆ ತೀರ್ಪು ಕೊಡುತ್ತಾ, ‘ಬಲವಂತದ ಕ್ರಮ ಬೇಡ’ ಎಂಬ ಮಾತು ತೀರಾ ಅಗಲ, ಅದನ್ನು ತಪ್ಪು ತಿಳಿಯಬಹುದು, ತಪ್ಪಾಗಿ ಬಳಸಬಹುದು ಎಂದಿತು. ಹೈಕೋರ್ಟುಗಳು ಈ ಮಾತು ಬಳಸಿದರೆ ಅದರಿಂದ ಏನು ಅರ್ಥ ಎಂದು ಬಿಡಿಸಿ ಹೇಳಬೇಕು ಎಂದೂ ಸೂಚಿಸಿತು. ಬಂಧಿಸಬಾರದು ಅಂತಲೇ, ತನಿಖೆಯನ್ನೇ ನಿಲ್ಲಿಸಬೇಕು ಅಂತಲೇ? ಪೊಲೀಸರಿಗೂ ಗೊತ್ತಾಗಬೇಕಲ್ಲ.

ಇನ್ನು ಸಾಲ ವಸೂಲಿಗೆ ಬರುವ ಏಜೆಂಟರ ಮಾತು ಬೇರೆ. ಅವರು ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಹೇಳಿದೆ. ಇದಕ್ಕೆ ಯಾವ ಕೋರ್ಟಿನ ಆದೇಶವೂ ಬೇಕಾಗಿಲ್ಲ.

ಇಷ್ಟು ಮಾತಾಗುವಾಗ ಕತ್ತಲಾಗಿತ್ತು. ಅವರು ಪೇಪರನ್ನು ಮಡಚಿ ಬದಿಗಿಟ್ಟರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಎದ್ದು ಮನೆಗೆ ಹೋಗಿ, ಕ್ಯಾಲೆಂಡರಿನ ಹಿಂದಿದ್ದ ನೋಟೀಸು ತಂದರು. ದೀಪದ ಕೆಳಗೆ ಹಿಡಿದು ಸಾಲು ಸಾಲಾಗಿ ಓದಿ ಹೇಳಿದೆ. ಆಕ್ಷೇಪ ಇದ್ದರೆ ತಿಳಿಸಲು ಕೊಟ್ಟ ಗಡುವಿಗೆ ಇನ್ನು ಒಂಬತ್ತು ದಿನ ಇತ್ತು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ವಕೀಲರ ಸಲಹೆ ಕೇಳಬಹುದು ಎಂದೆ.

“ತಾರೀಕು ಯಾವುದು, ಇನ್ನೊಮ್ಮೆ ಹೇಳಿ ಮಾಷ್ಟ್ರೇ” ಅಂದರು. ಹೇಳಿದೆ. ಕಿಸೆಯಿಂದ ಅದೇ ಪೆನ್ನು ತೆಗೆದು ಆ ತಾರೀಕಿನ ಕೆಳಗೆ ಗೆರೆ ಎಳೆದರು.